ಬಂಧುಗಳ, ಸ್ನೇಹಿತರ ಮಕ್ಕಳಿಗೆ ಕೌದಿ ಹೊಲಿದುಕೊಡಬೇಕೆಂದಿದ್ದೇನೆ: ಅಳತೆ, ಬಟ್ಟೆ, ಒಳಪದರ ಹೇಗಿರಬೇಕು?

ಎಳೆನೂಲು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮುಂದಿನ ಕೆಲವು ತಿಂಗಳುಗಳಲ್ಲಿ ನಮ್ಮ ಬಂಧುಗಳ ಮನೆಗಳಲ್ಲಿಯೂ ಗೆಳತಿಯರ ಮನೆಗಳಲ್ಲಿಯೂ ಒಂದರ ಹಿಂದೆ ಒಂದರಂತೆ ಮಕ್ಕಳು ಹುಟ್ಟಲಿದ್ದು, ಪ್ರತಿಯೊಂದು ಮಗುವಿಗೂ ನಾನೇ ಹೊಲಿದ ಕೌದಿಯನ್ನು ಕೊಡಬೇಕೆಂದು ಮನಸ್ಸು ಮಾಡಿದ್ದೇನೆ. ಹೊಲಿಗೆ ಯಂತ್ರದ ಅಭ್ಯಾಸ ನನಗಿದೆ. ದಿಂಬಿನ ಚೀಲ, ಕಿಟಕಿಯ ಪರದೆ, ಮಕ್ಕಳ ಸರಳ ಉಡುಪುಗಳನ್ನು ಹೊಲಿಯುತ್ತಾ ಬಂದಿದ್ದೇನೆ. ಆದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಮೇಲ್ಪದರ ಮಾಡುವುದು, ಅದರ ಕೆಳಗೆ ಮೆತ್ತನೆಯ ಪದರವನ್ನೂ ಅಸ್ತರನ್ನೂ ಇಟ್ಟು ಮೂರನ್ನೂ ಒಟ್ಟಿಗೆ ಹೊಲಿಯುವುದು ನನಗೆ ಹೊಸದು.

ಮಗುವಿನ ಕೌದಿ ಎಷ್ಟು ಉದ್ದಗಲ ಇದ್ದರೆ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ? ಬಟ್ಟೆಯನ್ನು ಮೊದಲೇ ಒಗೆದುಕೊಳ್ಳಬೇಕೇ? ಒಳಪದರಕ್ಕೆ ಹತ್ತಿ ಒಳ್ಳೆಯದೋ ಪಾಲಿಯೆಸ್ಟರ್ ಒಳ್ಳೆಯದೋ? ಎಲ್ಲ ಮಕ್ಕಳಿಗೂ ಒಂದೇ ವಿನ್ಯಾಸ ಹೊಲಿದರೆ ಬೇಸರದ ಕೆಲಸವೆನಿಸೀತೇ ಅಥವಾ ಬೇರೆ ಬೇರೆ ಹೊಲಿದರೆ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಶ್ರಮ ಹಾಕಿದಂತೆ ಕಂಡೀತೇ ಎಂಬ ಚಿಂತೆಯೂ ಇದೆ. ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದು. ಎಳೆಯ ಮಗು ಮಲಗುವ ಜಾಗದಲ್ಲಿ ಕೌದಿ ಇಡಬಾರದೆಂದು ಸ್ನೇಹಿತರೊಬ್ಬರು ಹೇಳಿದರು. ಅದು ನಿಜವಾದರೆ ನಾನು ಹೊಲಿದುಕೊಡುವ ವಸ್ತು ಯಾವ ಕೆಲಸಕ್ಕೆ ಬರುತ್ತದೆ? ಅನುಭವವುಳ್ಳವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.

ನೇರಹೊಲಿಗೆ (ಉತ್ತರ)

ನಮಸ್ಕಾರ. ಅನೇಕ ಮಕ್ಕಳಿಗೆ ಹೊಲಿಯಬೇಕೆಂದಿರುವುದರಿಂದ ಮೊದಲ ಸಲಹೆಯಾಗಿ ಹೇಳುವುದಾದರೆ, ಒಂದು ಅಳತೆಯನ್ನೂ ಒಂದು ವಿನ್ಯಾಸವನ್ನೂ ಆರಿಸಿಕೊಂಡು ಬಣ್ಣಗಳನ್ನು ಮಾತ್ರ ಬದಲಾಯಿಸುತ್ತಾ ಹೋಗಿ. ಹೀಗೆ ಮಾಡಿದರೆ ಯಾರಿಗೂ ಹೆಚ್ಚು ಕಡಿಮೆ ಆಗುವುದಿಲ್ಲ. ಎರಡನೆಯ ಕೌದಿಯ ಹೊತ್ತಿಗೆ ಲೆಕ್ಕವೆಲ್ಲ ಬಾಯಿಪಾಠವಾಗಿ, ನಿಮ್ಮ ಗಮನವೆಲ್ಲ ಬಣ್ಣಗಳ ಹೊಂದಾಣಿಕೆಯ ಕಡೆಗೆ ಹರಿಯುತ್ತದೆ. ಬಣ್ಣ ಬದಲಾದರೆ ಅದೇ ಚೌಕಗಳ ಕೌದಿ ಎಷ್ಟು ಬೇರೆಯಾಗಿ ಕಾಣುತ್ತದೆಂಬುದನ್ನು ಹೊಲಿದು ನೋಡಿದವರೇ ನಂಬಬೇಕು.

ಅಳತೆಯ ವಿಷಯದಲ್ಲಿ 36 ಇಂಚಿನ ಚೌಕ, ಅಂದರೆ ಸುಮಾರು 91 ಸೆಂಟಿಮೀಟರ್ ಉದ್ದಗಲದ ಕೌದಿ, ಎಲ್ಲ ರೀತಿಯಿಂದಲೂ ಅನುಕೂಲಕರವಾದದ್ದು. ನೆಲದ ಮೇಲೆ ಹಾಸಿದರೆ ಮಗು ಹೊರಳಾಡಲು ಸಾಕಷ್ಟು ಜಾಗವಿರುತ್ತದೆ, ಮಡಿಸಿದರೆ ಚೀಲದಲ್ಲಿ ಹಿಡಿಯುತ್ತದೆ, ಮಗು ನಡೆಯುವಂತಾದ ಮೇಲೆ ತಾನೇ ಎಳೆದುಕೊಂಡು ಓಡಾಡಲು ಭಾರವಾಗುವುದಿಲ್ಲ. ಹೊಲಿಯುವವರಿಗೂ ಇದರಿಂದ ಒಂದು ಲಾಭವಿದೆ: ಸಾಮಾನ್ಯವಾಗಿ 42ರಿಂದ 44 ಇಂಚು ಪನ್ನದ ಬಟ್ಟೆ ಸಿಗುವುದರಿಂದ ಅಸ್ತರಿಗೆ ಎಲ್ಲಿಯೂ ಜೋಡಣೆಯಿಲ್ಲದೆ ಒಂದೇ ತುಂಡು ಸಾಕಾಗುತ್ತದೆ.

5 ಇಂಚಿನ ಚೌಕಗಳನ್ನು ಕತ್ತರಿಸಿ, ಹೊಲಿಗೆಗೆ ಕಾಲು ಇಂಚು ಬಿಟ್ಟು ಜೋಡಿಸಿದರೆ ಪ್ರತಿ ಚೌಕವೂ ನಾಲ್ಕೂವರೆ ಇಂಚಾಗಿ ಉಳಿಯುತ್ತದೆ. ಸಾಲಿಗೆ 8ರಂತೆ 8 ಸಾಲು, ಒಟ್ಟು 64 ಚೌಕಗಳು ಸೇರಿದಾಗ 36 ಇಂಚು ಬರುತ್ತದೆ. ತಿಳಿಬಣ್ಣದ್ದು 32, ಗಾಢಬಣ್ಣದ್ದು 32 ತೆಗೆದುಕೊಂಡು ಚದುರಂಗದ ಮಣೆಯಂತೆ ಒಂದು ಬಿಟ್ಟು ಒಂದು ಜೋಡಿಸುವುದು ಅತ್ಯಂತ ಸರಳವಾದ ವಿನ್ಯಾಸ. ಬಟ್ಟೆಯ ಅಡ್ಡಗಲದಲ್ಲಿ 5 ಇಂಚಿನ ಒಂದು ಪಟ್ಟಿ ತೆಗೆದರೆ ಅದರಲ್ಲಿ 8 ಚೌಕಗಳು ಬರುವುದರಿಂದ, ಪ್ರತಿ ಬಣ್ಣಕ್ಕೆ 4 ಪಟ್ಟಿ, ಅಂದರೆ 20 ಇಂಚು ಬಟ್ಟೆ ಬೇಕು. ಕುಗ್ಗುವುದಕ್ಕೂ ಅಂಚು ನೇರ ಮಾಡಿಕೊಳ್ಳುವುದಕ್ಕೂ ಸೇರಿಸಿ 60 ಸೆಂಟಿಮೀಟರ್ ತೆಗೆದುಕೊಂಡರೆ ನೆಮ್ಮದಿ.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಆ ಕಾಲು ಇಂಚಿಗೆ. ಉಡುಪು ಹೊಲಿಯುವಾಗ ಒಂದೂವರೆ ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ ಯಾರಿಗೂ ತಿಳಿಯುವುದಿಲ್ಲ, ಇಲ್ಲಿ ಹಾಗಲ್ಲ. ಪ್ರತಿ ಹೊಲಿಗೆಯಲ್ಲಿ ಎರಡು ಬಟ್ಟೆಗಳ ಅಂಚು ಸೇರುವುದರಿಂದ ಆ ವ್ಯತ್ಯಾಸ ಎರಡರಷ್ಟಾಗುತ್ತದೆ, ಒಂದು ಸಾಲಿನಲ್ಲಿ 7 ಹೊಲಿಗೆಗಳಿರುವುದರಿಂದ ಕೊನೆಗೆ ಇಡೀ ಸಾಲು ಸುಮಾರು 2 ಸೆಂಟಿಮೀಟರ್ ಗಿಡ್ಡವಾಗಿ, ಪಕ್ಕದ ಸಾಲಿನ ಮೂಲೆಗಳಿಗೆ ಸೇರದೆ ಹೋಗುತ್ತದೆ. ಆದ್ದರಿಂದ ಕೆಲಸ ಆರಂಭಿಸುವ ಮೊದಲು ಬೇಡದ ಬಟ್ಟೆಯ ಮೂರು ಚೌಕಗಳನ್ನು ಜೋಡಿಸಿ, ಇಸ್ತ್ರಿ ಮಾಡಿ ಅಳೆದು ನೋಡಿ. ಸರಿಯಾಗಿ 14 ಇಂಚು ಬಂದರೆ ನಿಮ್ಮ ಹೊಲಿಗೆ ಸರಿಯಿದೆ. ಕಡಿಮೆ ಬಂದರೆ ಸೂಜಿಯನ್ನು ಅಂಚಿನ ಕಡೆಗೆ ಸ್ವಲ್ಪ ಸರಿಸಬೇಕು. ಯಂತ್ರದ ಮೇಲೆ ಸೂಜಿಯಿಂದ ಕಾಲು ಇಂಚಿಗೆ ಕಾಗದದ ಟೇಪು ಅಂಟಿಸಿಕೊಂಡರೆ ಬಟ್ಟೆ ದಾರಿ ತಪ್ಪುವುದಿಲ್ಲ.

ಇಸ್ತ್ರಿಯ ವಿಷಯದಲ್ಲಿಯೂ ಒಂದು ಮಾತು. ಹೊಲಿಗೆಯ ಅಂಚುಗಳನ್ನು ಯಾವಾಗಲೂ ಗಾಢಬಣ್ಣದ ಚೌಕದ ಕಡೆಗೆ ಮಡಿಸಿ ಒತ್ತಿ. ತಿಳಿಬಣ್ಣದ ಕೆಳಗೆ ಗಾಢಬಣ್ಣ ಇಣುಕುವುದು ಇದರಿಂದ ತಪ್ಪುತ್ತದೆ. ಜೊತೆಗೆ, ಒಂದು ಬಿಟ್ಟು ಒಂದು ಬಣ್ಣವಿರುವುದರಿಂದ ಮೇಲಿನ ಸಾಲಿನ ಅಂಚು ಒಂದು ಕಡೆಗೂ ಕೆಳಗಿನ ಸಾಲಿನದು ಅದರ ಎದುರು ಕಡೆಗೂ ತಿರುಗಿ, ಸಾಲುಗಳನ್ನು ಜೋಡಿಸುವಾಗ ಮೂಲೆಗಳು ಒಂದಕ್ಕೊಂದು ತಾವಾಗಿಯೇ ಕಚ್ಚಿಕೊಳ್ಳುತ್ತವೆ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಳೆದಾಡದೆ ಎತ್ತಿ ಎತ್ತಿ ಇಡಬೇಕು. ಎಳೆದರೆ ಚೌಕ ಓರೆಯಾಗುತ್ತದೆ.

ಹಗುರಹೊದಿಕೆ (ಉತ್ತರ)

ನಿಮ್ಮ ಸ್ನೇಹಿತರು ಹೇಳಿದ್ದು ನಿಜ, ಮತ್ತು ಅದನ್ನು ಬಟ್ಟೆ ಕತ್ತರಿಸುವ ಮೊದಲೇ ತಿಳಿದುಕೊಂಡಿರುವುದು ಬಹಳ ಒಳ್ಳೆಯದಾಯಿತು. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಘಟನೆಯು 2022ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಸಲಹೆಯಲ್ಲಿ, ಒಂದು ವರ್ಷದೊಳಗಿನ ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕೆಂದೂ ಮಲಗುವ ಜಾಗದಲ್ಲಿ ದಿಂಬು, ಕೌದಿ, ಸಡಿಲವಾದ ಹೊದಿಕೆ, ಮೆತ್ತನೆಯ ಆಟಿಕೆ ಯಾವುದೂ ಇರಬಾರದೆಂದೂ ಹೇಳಿದೆ. ಎಳೆಯ ಮಗುವಿಗೆ ಮುಖದ ಮೇಲೆ ಬಿದ್ದ ಬಟ್ಟೆಯನ್ನು ಸರಿಸಲು ಬಾರದು. ಉಸಿರು ಕಟ್ಟುವ ಅಪಾಯವೂ ಮೈ ಅತಿಯಾಗಿ ಬಿಸಿಯಾಗುವ ಅಪಾಯವೂ ಇರುತ್ತದೆ. ಕೌದಿ ತೆಳುವಾಗಿದೆ, ಮನೆಯಲ್ಲಿಯೇ ಹೊಲಿದದ್ದು ಎಂಬ ಕಾರಣಕ್ಕೆ ಈ ಮಾತಿಗೆ ವಿನಾಯಿತಿ ಇಲ್ಲ.

ಹಾಗೆಂದು ಕೌದಿಯ ಉಪಯೋಗ ಕಡಿಮೆಯಾಗುವುದಿಲ್ಲ. ಮಗು ಎಚ್ಚರವಾಗಿದ್ದು ದೊಡ್ಡವರು ಪಕ್ಕದಲ್ಲಿಯೇ ಇರುವಾಗ ಅದನ್ನು ಬೋರಲಾಗಿ ಮಲಗಿಸಿ ಆಡಿಸುವುದು ಕತ್ತು, ಭುಜಗಳ ಬಲಕ್ಕೆ ಅಗತ್ಯ. ಇದನ್ನು ದಿನಕ್ಕೆ ಎರಡು ಮೂರು ಬಾರಿ ಸ್ವಲ್ಪ ಹೊತ್ತು ಆರಂಭಿಸಿ, ಮಗುವಿಗೆ 7 ವಾರಗಳಾಗುವ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷದಷ್ಟಕ್ಕೆ ತರಬೇಕೆಂದು ಅದೇ ಸಂಘಟನೆ ಹೇಳುತ್ತದೆ. ಆ ಹೊತ್ತಿಗೆ ನೆಲದ ಮೇಲೆ ಹಾಸಲು ಹೊಲಿದ ಕೌದಿಗಿಂತ ಒಳ್ಳೆಯ ವಸ್ತು ನನಗೆ ತೋರುವುದಿಲ್ಲ, ಏಕೆಂದರೆ ಅದು ಜಾರಿ ಮುದ್ದೆಯಾಗದೆ ಹರಡಿಕೊಂಡಿರುತ್ತದೆ. ಮೊದಲ ತಿಂಗಳುಗಳಲ್ಲಿ ಮಗುವಿನ ದೃಷ್ಟಿ ಸ್ಪಷ್ಟವಾಗಿ ನಿಲ್ಲುವುದು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿ ಮಾತ್ರ. ಬೋರಲಾಗಿ ಮಲಗಿದ ಮಗುವಿಗೆ ಕಾಣುವುದು ಕೌದಿಯ ಬಟ್ಟೆಯೇ. ತೀರಾ ಮಾಸಲು ಬಣ್ಣಗಳಿಗಿಂತ ಎದ್ದು ಕಾಣುವ ತಿಳಿ ಮತ್ತು ಗಾಢ ಬಣ್ಣಗಳ ಚೌಕಗಳು ಅದರ ಕಣ್ಣನ್ನು ಹಿಡಿದು ನಿಲ್ಲಿಸುತ್ತವೆ. ಹೀಗಾಗಿ ಹಿಂದಿನ ಉತ್ತರದಲ್ಲಿ ಸೂಚಿಸಿರುವ ಸರಳ ವಿನ್ಯಾಸವೇ ಮಗುವಿಗೂ ಹಿತ.

ಹೊಲಿಯುವಾಗ ಪಾಲಿಸಬೇಕಾದ ಎಚ್ಚರಗಳೂ ಇವೆ. ಗುಂಡಿ, ಮಣಿ, ಮಿಣುಕು, ಕುಚ್ಚು, ಉದ್ದನೆಯ ರಿಬ್ಬನ್ ಇವು ಯಾವುವೂ ಬೇಡ. ಎಷ್ಟೇ ಭದ್ರವಾಗಿ ಹೊಲಿದರೂ ಮಗು ಬಾಯಿಗೆ ಹಾಕಿ ಎಳೆಯುವ ವಸ್ತುವಿನ ಮೇಲೆ ಅವು ಇರಬಾರದು. ಕಣ್ಣು, ಮೂಗು ಮಾಡಬೇಕಾದ ಚಿತ್ರವಿದ್ದರೆ ದಾರದ ಕಸೂತಿಯಲ್ಲಿ ಮಾಡಿ. ಸಡಿಲವಾದ ದಾರದ ಎಳೆಗಳು ಪುಟ್ಟ ಬೆರಳುಗಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸುವ ಸಂಭವವಿರುವುದರಿಂದ, ಹಿಂಭಾಗದಲ್ಲಿಯೂ ಒಂದು ಎಳೆ ಉಳಿಯದಂತೆ ಕೊನೆಯಲ್ಲಿ ಅಂಗೈಯಿಂದ ಸವರಿ ನೋಡಿ. ಹಾಗೆಯೇ ಹೊಲಿಯುವಾಗ ಪದರಗಳು ಸರಿಯದಂತೆ ಹಾಕುವ ಸೇಫ್ಟಿ ಪಿನ್ನುಗಳನ್ನು ಎಣಿಸಿ ಹಾಕಿ, ಎಣಿಸಿ ತೆಗೆಯಬೇಕು.

ಬಟ್ಟೆತುಂಡು (ಉತ್ತರ)

ಬಟ್ಟೆ ಮತ್ತು ಒಳಪದರದ ಬಗ್ಗೆ ಬರೆಯುತ್ತೇನೆ. ಮೇಲ್ಪದರಕ್ಕೆ ಒತ್ತಾಗಿ ನೇಯ್ದ, ನೂರಕ್ಕೆ ನೂರು ಹತ್ತಿಯ ಬಟ್ಟೆಯೇ ಸರಿ. ಅದು ಕತ್ತರಿಸುವಾಗ ಜಾರುವುದಿಲ್ಲ, ಇಸ್ತ್ರಿಗೆ ಚೆನ್ನಾಗಿ ಕೂರುತ್ತದೆ, ಒಗೆದಷ್ಟೂ ಮೃದುವಾಗುತ್ತದೆ. ಬಣ್ಣದಲ್ಲಿ ಮಗುವಿನ ಚರ್ಮಕ್ಕೆ ಹಾನಿಕರವಾದ ರಾಸಾಯನಿಕಗಳಿರಬಹುದೆಂಬ ಆತಂಕವಿದ್ದರೆ ಓಯೆಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬ ಪ್ರಮಾಣಪತ್ರವಿರುವ ಬಟ್ಟೆಯನ್ನು ಹುಡುಕಬಹುದು. ಅದರಲ್ಲಿ ಮೊದಲನೆಯ ವರ್ಗವು ಮೂರು ವರ್ಷದವರೆಗಿನ ಮಕ್ಕಳ ವಸ್ತುಗಳಿಗಾಗಿಯೇ ಇರುವುದು, ಅದರ ಮಿತಿಗಳು ಉಳಿದ ವರ್ಗಗಳಿಗಿಂತ ಕಟ್ಟುನಿಟ್ಟಾಗಿವೆ.

ಮೊದಲೇ ಒಗೆಯಬೇಕೇ ಎಂಬ ಪ್ರಶ್ನೆಗೆ ಹೊಲಿಯುವವರಲ್ಲಿ ಎರಡು ಪಕ್ಷಗಳಿವೆ. ಒಗೆಯದ ಬಟ್ಟೆಯಲ್ಲಿ ಗಂಜಿ ಇರುವುದರಿಂದ ಕತ್ತರಿಸಲು, ಜೋಡಿಸಲು ಸುಲಭವೆಂದೂ ಕೌದಿ ಮುಗಿದ ಮೇಲೆ ಒಗೆದಾಗ ಎಲ್ಲವೂ ಒಟ್ಟಿಗೆ ಕುಗ್ಗಿ ಹೊಲಿಗೆಗಳ ನಡುವೆ ಹಿತವಾದ ಸುಕ್ಕು ಬರುತ್ತದೆಂದೂ ಒಂದು ಪಕ್ಷ ಹೇಳುತ್ತದೆ. ದೊಡ್ಡವರ ಕೌದಿಗೆ ನಾನು ಆ ಮಾತನ್ನು ಒಪ್ಪುತ್ತೇನೆ. ಮಗುವಿನ ಕೌದಿಗೆ ಮಾತ್ರ ಮೊದಲೇ ಒಗೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಈ ಕೌದಿ ವಾರಕ್ಕೊಮ್ಮೆಯಲ್ಲ, ಕೆಲವೊಮ್ಮೆ ದಿನಕ್ಕೊಮ್ಮೆ ನೀರು ಕಾಣುತ್ತದೆ; ಬಣ್ಣ ಬಿಡುವ ಬಟ್ಟೆ ಯಾವುದೆಂದು ಹೊಲಿಯುವ ಮೊದಲೇ ತಿಳಿದರೆ ಅದನ್ನು ಬದಿಗಿಡಬಹುದು, ಹೊಲಿದ ಮೇಲೆ ತಿಳಿದರೆ ತಿಳಿಬಣ್ಣದ ಚೌಕಗಳೆಲ್ಲ ಹಾಳಾಗುತ್ತವೆ. ಕೆಂಪು, ಗಾಢನೀಲಿ, ನೇರಳೆ ಬಟ್ಟೆಗಳನ್ನು ಒಗೆದ ಮೇಲೆಯೂ ಒದ್ದೆಯಾದ ಬಿಳಿ ಬಟ್ಟೆಯಿಂದ ಬಲವಾಗಿ ಉಜ್ಜಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಇನ್ನೊಮ್ಮೆ ಒಗೆಯಿರಿ. ಮತ್ತೆಯೂ ಹತ್ತಿದರೆ ಆ ಬಟ್ಟೆ ಈ ಕೆಲಸಕ್ಕೆ ಬೇಡ. ಗಂಜಿ ಹೋಗಿ ಬಟ್ಟೆ ಮೆತ್ತಗಾಯಿತೆನಿಸಿದರೆ ತೆಳುವಾಗಿ ಗಂಜಿ ಸಿಂಪಡಿಸಿ ಇಸ್ತ್ರಿ ಮಾಡಿಕೊಂಡರಾಯಿತು. ಕತ್ತರಿಸಿಯೇ ಮಾರುವ ಚೌಕಗಳ ಕಟ್ಟು ತಂದಿದ್ದರೆ ಮಾತ್ರ ಅದನ್ನು ಒಗೆಯಬಾರದು, ಅಂಚುಗಳೆಲ್ಲ ಎಳೆಬಿಟ್ಟು ಅಳತೆ ಕೆಡುತ್ತದೆ.

ಒಳಪದರ, ಅಂದರೆ ಬ್ಯಾಟಿಂಗ್ ಎಂದು ಹಾಳೆಯ ರೂಪದಲ್ಲಿ ಸಿಗುವುದು, ಹತ್ತಿಯದಾದರೆ ಗಾಳಿಯಾಡುತ್ತದೆ, ಚಪ್ಪಟೆಯಾಗಿ ಕೂರುತ್ತದೆ, ಮೊದಲ ಒಗೆತಕ್ಕೆ ನೂರಕ್ಕೆ 3ರಿಂದ 5ರಷ್ಟು ಕುಗ್ಗುತ್ತದೆ. ಪಾಲಿಯೆಸ್ಟರಿನದು ಹಗುರ, ಬೇಗ ಒಣಗುತ್ತದೆ, ಕುಗ್ಗುವುದಿಲ್ಲ. ಆದರೆ ಬೆವರನ್ನು ಹೀರುವುದಿಲ್ಲ ಮತ್ತು ಕೆಳದರ್ಜೆಯದಾದರೆ ಅದರ ಎಳೆಗಳು ಮೇಲಿನ ಬಟ್ಟೆಯನ್ನು ತೂರಿಕೊಂಡು ಹೊರಗೆ ಬರುತ್ತವೆ. ಹತ್ತಿ 80, ಪಾಲಿಯೆಸ್ಟರ್ 20ರ ಪ್ರಮಾಣದ ಮಿಶ್ರ ಪದರವೂ ಸಿಗುತ್ತದೆ. ಆಗಾಗ ಒಗೆಯುವ ಮಗುವಿನ ಕೌದಿಗೆ ನಾನು ಆರಿಸುವುದು ಅದನ್ನೇ. ಸೆಕೆಯಿರುವ ಕಡೆ ಕೊಡುವುದಾದರೆ ಬ್ಯಾಟಿಂಗನ್ನೇ ಬಿಟ್ಟು, ಒಗೆದು ಕುಗ್ಗಿಸಿದ ಫ್ಲಾನೆಲ್ ಬಟ್ಟೆಯ ಒಂದು ಪದರ ಹಾಕಿದರೂ ಸಾಕು. ಯಾವುದನ್ನೇ ಕೊಂಡರೂ, ಎಷ್ಟು ಅಂತರಕ್ಕೆ ಹೊಲಿಗೆ ಬೀಳಬೇಕೆಂದು ಅದರ ಪೊಟ್ಟಣದ ಮೇಲೆ ಬರೆದಿರುವುದನ್ನು ಓದಿ. ಅದಕ್ಕಿಂತ ದೂರ ಬಿಟ್ಟರೆ ಒಗೆದಾಗ ಒಳಗೆ ಗಂಟುಗಂಟಾಗುತ್ತದೆ.

ತುಪ್ಪಳದಂತೆ ನಯವಾದ ಮಿಂಕಿ ಬಟ್ಟೆಯನ್ನು ಅಸ್ತರಿಗೆ ಹಾಕಿರೆಂದು ಅನೇಕರು ಕೇಳುತ್ತಾರೆ. ಮುಟ್ಟಲು ಸೊಗಸು, ಆದರೆ ಅದು ಹಿಗ್ಗುವ ಪಾಲಿಯೆಸ್ಟರ್ ಬಟ್ಟೆ. ಮೊದಲ ಕೌದಿಗೆ ಅದನ್ನು ಆರಿಸಿಕೊಳ್ಳಬೇಡಿ.

ಎಳೆನೂಲು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಂದೇ ಅಳತೆ, ಒಂದೇ ವಿನ್ಯಾಸ ಎಂಬ ಮಾತು ನನ್ನ ದೊಡ್ಡ ಚಿಂತೆಯನ್ನು ಇಳಿಸಿತು. ನೆಲದ ಹಾಸು ಎಂದು ಯೋಚಿಸಿದಾಗ ಬಣ್ಣಗಳ ಆಯ್ಕೆಯೂ ಸುಲಭವಾಯಿತು.

ಇನ್ನೆರಡು ವಿಷಯಗಳನ್ನು ಕೇಳಬೇಕಾಗಿದೆ. ಬರಲಿರುವ ಮಗುವೊಂದರ ತಾಯಿ, ತೀರಿಹೋದ ತಮ್ಮ ತಂದೆಯವರ ಅಂಗಿಗಳನ್ನು ನನ್ನ ಕೈಗೆ ಕೊಟ್ಟು, ಅವುಗಳ ತುಂಡುಗಳನ್ನು ಕೌದಿಯಲ್ಲಿ ಸೇರಿಸಲು ಸಾಧ್ಯವೇ ಎಂದು ಕೇಳಿದ್ದಾರೆ. ಅವುಗಳಲ್ಲಿ ಕೆಲವು ನೇಯ್ದ ಹತ್ತಿಯವು, ಒಂದೆರಡು ಹೆಣಿಗೆಯ ಟೀ ಶರ್ಟುಗಳು. ಅವು ಬಾಳುತ್ತವೆಯೇ? ಎರಡನೆಯದಾಗಿ, ಮೂರು ಪದರಗಳನ್ನು ಕೂಡಿಸಿದಾಗ ಹಿಂಭಾಗ ಸುಕ್ಕಾಗದಂತೆ ಹೊಲಿಯುವುದು ಹೇಗೆ? ಕೈಹೊಲಿಗೆಯೇ ಉತ್ತಮವೇ?

ನೇರಹೊಲಿಗೆ

ಅಂಗಿಗಳನ್ನು ಖಂಡಿತವಾಗಿ ಬಳಸಿ. ಅಂತಹ ಕೌದಿಗೆ ಬೇರೆ ಯಾವ ಬಟ್ಟೆಯೂ ಸಮನಾಗಲಾರದು. ಮೊದಲು ಪ್ರತಿ ಅಂಗಿಯನ್ನೂ ಬೆಳಕಿಗೆ ಹಿಡಿದು ನೋಡಿ. ಕತ್ತಿನ ಪಟ್ಟಿ, ಮೊಣಕೈ, ಕಂಕುಳಿನ ಭಾಗಗಳು ಸವೆದು ಬೆಳಕು ಸೋರುವಂತಿದ್ದರೆ ಅವನ್ನು ಬಿಟ್ಟು, ಬೆನ್ನಿನ ಭಾಗದಿಂದಲೂ ಮುಂಭಾಗದ ಕೆಳಗಿನ ಅಂಚಿನಿಂದಲೂ ತುಂಡುಗಳನ್ನು ತೆಗೆಯಿರಿ. ಸ್ವಲ್ಪ ತೆಳುವೆನಿಸಿದ ಬಟ್ಟೆಯ ಹಿಂದೆ, ಇಸ್ತ್ರಿಯ ಬಿಸಿಗೆ ಅಂಟುವ ತೆಳ್ಳನೆಯ ಬಕ್ರಂ ಹಚ್ಚಿ, ಆಮೇಲೆ ಚೌಕಗಳನ್ನು ಕತ್ತರಿಸಬೇಕು. ಟೀ ಶರ್ಟಿಗೆ ಇದು ಕಡ್ಡಾಯ. ಹೆಣಿಗೆಯ ಬಟ್ಟೆ ಹಿಗ್ಗುವುದರಿಂದ ಹಿಂದೆ ಆಧಾರವಿಲ್ಲದೆ 5 ಇಂಚಿನ ಚೌಕ 5 ಇಂಚಾಗಿ ಉಳಿಯುವುದೇ ಇಲ್ಲ. ಆ ಅಂಗಿಗಳೆಲ್ಲವನ್ನೂ ಒಂದೇ ಸಲ ಕತ್ತರಿಸಿಬಿಡಬೇಡಿ. ಬೇಕಾದಷ್ಟು ಚೌಕಗಳನ್ನು ಮಾತ್ರ ತೆಗೆದು ಉಳಿದ ಬಟ್ಟೆಯನ್ನು ಆ ತಾಯಿಗೆ ಹಿಂದಿರುಗಿಸಿ, ಅದು ಅವರಿಗೆ ಸೇರಿದ್ದು. ಆದರೆ ಅಂಗಿಯ ಗುಂಡಿಗಳನ್ನು ನೆನಪಿಗೆಂದು ಕೌದಿಯ ಮೇಲೆ ಉಳಿಸುವ ಆಸೆ ಬಂದರೆ ಅದಕ್ಕೆ ಒಪ್ಪಬಾರದು.

ಇನ್ನು ಪದರಗಳ ವಿಷಯ. ಹಿಂಭಾಗದ ಸುಕ್ಕು ಹೊಲಿಯುವಾಗ ಹುಟ್ಟುವುದಕ್ಕಿಂತ ಹಾಸುವಾಗ ಹುಟ್ಟುವುದೇ ಹೆಚ್ಚು. ಅಸ್ತರನ್ನು ಮೇಲ್ಪದರಕ್ಕಿಂತ ಪ್ರತಿ ಬದಿಗೂ 2ರಿಂದ 3 ಇಂಚು ದೊಡ್ಡದಾಗಿ ಕತ್ತರಿಸಿ, ಇಸ್ತ್ರಿ ಮಾಡಿ, ಒಳಮುಖ ಮೇಲೆ ಬರುವಂತೆ ನೆಲದ ಮೇಲೆ ಹರಡಿ, ನಾಲ್ಕು ಬದಿಗೂ ಕಾಗದದ ಟೇಪು ಅಂಟಿಸಿ. ಬಟ್ಟೆ ಬಿಗಿಯಾಗಿರಬೇಕು, ಹಿಗ್ಗಿರಬಾರದು. ಹಿಗ್ಗಿಸಿ ಅಂಟಿಸಿದರೆ ಟೇಪು ಬಿಚ್ಚಿದ ಕೂಡಲೇ ಅದು ಮೊದಲಿನಂತಾಗಿ ಸುಕ್ಕುಗಳು ಏಳುತ್ತವೆ. ಅದರ ಮೇಲೆ ಬ್ಯಾಟಿಂಗ್, ಅದರ ಮೇಲೆ ಮೇಲ್ಪದರ ಇಟ್ಟು ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ, ನಡುವಿನಿಂದಲೇ ಆರಂಭಿಸಿ ಸುಮಾರು 4 ಇಂಚಿಗೊಂದರಂತೆ ಸೇಫ್ಟಿ ಪಿನ್ ಹಾಕಿ.

ಹೊಲಿಗೆಯನ್ನೂ ನಡುವಿನಿಂದ ಆರಂಭಿಸಬೇಕು. ಮೂರೂ ಪದರಗಳನ್ನು ಒಂದೇ ವೇಗದಲ್ಲಿ ಮುಂದೂಡುವ ವಾಕಿಂಗ್ ಫುಟ್ ಎಂಬ ಪಾದವನ್ನು ಯಂತ್ರಕ್ಕೆ ಹಾಕಿಕೊಂಡರೆ ಕೆಲಸ ಅರ್ಧ ಹಗುರವಾಗುತ್ತದೆ. ತುಂಡು ಜೋಡಿಸುವಾಗ ಹೊಲಿಗೆಯ ಉದ್ದ 2ರಿಂದ 2.5 ಮಿಲಿಮೀಟರ್ ಇದ್ದರೆ ಈಗ ಅದನ್ನು 3ಕ್ಕೆ ಏರಿಸಿ, 90/14 ಅಳತೆಯ ಹೊಸ ಸೂಜಿ ಹಾಕಿ. ಚೌಕಗಳ ಮೂಲೆಯಿಂದ ಮೂಲೆಗೆ ಎರಡೂ ದಿಕ್ಕಿನಲ್ಲಿ ಓರೆಗೆರೆಗಳನ್ನು ಹೊಲಿಯುವುದು ನನಗೆ ಅತ್ಯಂತ ಪ್ರಿಯವಾದ ಕ್ರಮ. ಮೂಲೆಗಳೇ ದಾರಿ ತೋರುವುದರಿಂದ ಗೆರೆ ಎಳೆದುಕೊಳ್ಳುವ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ, ಗೆರೆಗಳ ನಡುವಿನ ಅಂತರ 3 ಇಂಚಿಗಿಂತ ತುಸು ಹೆಚ್ಚಿದ್ದು ಬಹುತೇಕ ಬ್ಯಾಟಿಂಗುಗಳಿಗೆ ಸಾಕಾಗುತ್ತದೆ. ಕೈಹೊಲಿಗೆಯ ಚೆಲುವೇ ಬೇರೆ, ಅದನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಮಗುವಿನ ಕೌದಿಯಲ್ಲಿ ಕೈಯಿಂದ ಹೊಲಿದರೆ ಹೊಲಿಗೆಗಳು ಚಿಕ್ಕವಾಗಿ, ಬಿಗಿಯಾಗಿ ಇರಬೇಕು; ದಪ್ಪ ದಾರದ ಉದ್ದನೆಯ ಹೊಲಿಗೆಗಳಿಗೆ ಬೆರಳು ಸಿಕ್ಕಿಕೊಳ್ಳುತ್ತದೆ. ಅನೇಕ ಕೌದಿಗಳನ್ನು ಹೊಲಿಯಬೇಕಾಗಿರುವ ನಿಮಗೆ ಯಂತ್ರವೇ ಸರಿ. ಆ ಅಂಗಿಗಳ ಕೌದಿಯ ಅಂಚನ್ನಾದರೂ ಕೈಯಿಂದ ಮುಗಿಸಬೇಕೆಂದು ನಿಮಗೆ ಅನಿಸಿದರೆ ಅದಕ್ಕೂ ಅವಕಾಶವಿದೆ.

ಅಂಚಿಗೆ ಎರಡೂವರೆ ಇಂಚಿನ 4 ಪಟ್ಟಿಗಳನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ಮಡಿಸಿ ಇಸ್ತ್ರಿ ಮಾಡಿ, ಮುಂಭಾಗದಲ್ಲಿ ಯಂತ್ರದಿಂದ ಹೊಲಿದು ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್ ಮಾಡಿ. ಮಡಿಸಿದ ಪಟ್ಟಿಯಿಂದ ಅಂಚಿಗೆ ಎರಡು ಪದರ ಬಟ್ಟೆ ಸಿಗುತ್ತದೆ. ಕೌದಿಯಲ್ಲಿ ಮೊದಲು ಸವೆಯುವುದು ಅಂಚೇ ಆದ್ದರಿಂದ ಇದು ಬೇಕು.

ಬಟ್ಟೆತುಂಡು

ಹಿಂದಿನ ಉತ್ತರಕ್ಕೆ ಒಂದು ಸೇರ್ಪಡೆ. ಹಳೆಯ ಅಂಗಿಗಳು ಅನೇಕ ಬಾರಿ ಒಗೆದು ಕುಗ್ಗಿ ಮುಗಿದಿರುತ್ತವೆ. ಅವುಗಳ ಪಕ್ಕದಲ್ಲಿ ಒಗೆಯದ ಹೊಸ ಬಟ್ಟೆಯನ್ನು ಜೋಡಿಸಿದರೆ ಹೊಸದು ಕುಗ್ಗಿ ಹಳೆಯದು ಉಬ್ಬಿಕೊಳ್ಳುತ್ತದೆ. ಒಗೆಯದೆ ಹೊಲಿಯುವ ಪಕ್ಷದವರೂ ಈ ಒಂದು ಕೌದಿಗೆ ಬಟ್ಟೆಯನ್ನು ಒಗೆದೇ ಬಳಸಬೇಕು.

ಹಗುರಹೊದಿಕೆ

ಕೊನೆಯದಾಗಿ, ಹಿಂಭಾಗದ ಮೂಲೆಯೊಂದರಲ್ಲಿ ಚಿಕ್ಕ ಬಟ್ಟೆಯ ಚೀಟಿಯೊಂದನ್ನು ನಾಲ್ಕು ಬದಿಗೂ ಹೊಲಿದು ಸೇರಿಸಿ. ಮಗು ಹುಟ್ಟಿದ ಮೇಲೆ ಹೆಸರನ್ನು ಬರೆಯಲು ಜಾಗ ಬಿಟ್ಟು, ನಿಮ್ಮ ಹೆಸರು, ಹೊಲಿದ ವರ್ಷ ಮತ್ತು ಒಗೆಯುವ ಕ್ರಮವನ್ನು ನೀರಿಗೆ ಅಳಿಯದ ಮಸಿಯಲ್ಲಿಯೋ ಕಸೂತಿಯಲ್ಲಿಯೋ ಬರೆಯಿರಿ: ತಣ್ಣೀರು ಅಥವಾ ಉಗುರುಬೆಚ್ಚನೆಯ ನೀರು, ಮೃದುವಾದ ಸೋಪುಪುಡಿ, ನೆರಳಿನಲ್ಲಿ ಒಣಗಿಸುವುದು. ಬಟ್ಟೆಗೆ ಮೆದುತನ ಕೊಡುವ ದ್ರಾವಣ ಬೇಡ, ಅದು ಹತ್ತಿಯ ಹೀರುವ ಗುಣವನ್ನು ಕುಗ್ಗಿಸುತ್ತದೆ.

ಕೊಡುವಾಗ ಜೊತೆಗೊಂದು ಪತ್ರವಿರಲಿ. ಇದು ನೆಲದಲ್ಲಿ ಆಡಿಸುವುದಕ್ಕೆ, ಎಚ್ಚರವಾಗಿರುವ ಮಗುವನ್ನು ತೊಡೆಯ ಮೇಲೆ ಸುತ್ತಿ ಕೂರಿಸುವುದಕ್ಕೆ ಹೊಲಿದದ್ದು, ಮಗು ಒಂದು ವರ್ಷ ದಾಟುವವರೆಗೆ ಮಲಗುವ ಜಾಗದಲ್ಲಿ ಇಡಬಾರದು ಎಂದು ಸ್ಪಷ್ಟವಾಗಿ ಬರೆಯಿರಿ. ಉಡುಗೊರೆಯ ಜೊತೆ ಎಚ್ಚರಿಕೆ ಕೊಡುವುದು ಸರಿಯೇ ಎಂದು ಹಿಂಜರಿಯಬೇಡಿ. ಹೊಸ ತಂದೆತಾಯಿಗಳಿಗೆ ಇದನ್ನು ಯಾರಾದರೂ ಹೇಳಲೇಬೇಕು, ಹೊಲಿದವರೇ ಹೇಳಿದರೆ ಅವರಿಗೆ ಆ ಕೌದಿಯನ್ನು ಎಲ್ಲಿ ಹಾಸಬೇಕೆಂಬ ಸಂದೇಹ ಉಳಿಯುವುದಿಲ್ಲ. ಕೊಳೆಯಾಗಲಿ, ಒಗೆಯಿರಿ, ಎತ್ತಿಡಬೇಡಿ ಎಂಬುದನ್ನೂ ಅದೇ ಪತ್ರದಲ್ಲಿ ಸೇರಿಸಿ, ಏಕೆಂದರೆ ಕೈಯಿಂದ ಹೊಲಿದದ್ದು ಹಾಳಾದೀತೆಂದು ಕಪಾಟಿನಲ್ಲಿಯೇ ಇಟ್ಟುಬಿಡುವವರು ಅನೇಕರಿದ್ದಾರೆ.